ಲೈಕ್‌ಹಾರ್ಟ್ ಮಾಯವಾದ, ಪ್ಯಾಟ್ರಿಕ್ ವೈಟ್ ಅವನ ಹಿಂದೆ ಹೊರಟ

1848ರ ಏಪ್ರಿಲ್ ಮೊದಲ ವಾರ ಲುಡ್ವಿಗ್ ಲೈಕ್‌ಹಾರ್ಟ್ ಎಂಬ ಜರ್ಮನ್ ಅನ್ವೇಷಕ ಒಂದು ಪತ್ರ ಬರೆದ. ಪೂರ್ವ ಆಸ್ಟ್ರೇಲಿಯಾದಲ್ಲಿ ಬಿಳಿಯರ ವಸತಿ ಮುಗಿಯುವ ಜಾಗದಿಂದ ಬರೆದದ್ದು. ಅವನಿಗಾಗ 34 ವರ್ಷ. ಜೊತೆಗೆ ಆರು ಜನ, 50 ಎತ್ತು, 20 ಹೇಸರಗತ್ತೆ, 7 ಕುದುರೆ. ಅಲ್ಲಿಂದ ಹೊರಟು ಇಡೀ ಖಂಡ ದಾಟಿ ಪಶ್ಚಿಮ ತೀರದ ಸ್ವಾನ್ ನದಿ ಮುಟ್ಟುವುದು ಅವನ ಆಸೆ. ಅಂದರೆ ಈಗಿನ ಪರ್ತ್ ನಗರ ಇರುವ ಕಡೆಗೆ. ಆ ಪತ್ರವೇ ಕೊನೆ. ಏಳು ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಒಂದು ಗೋರಿ ಸಿಗಲಿಲ್ಲ, ದಿನಚರಿಯ ಒಂದು ಹಾಳೆಯೂ ಸಿಗಲಿಲ್ಲ.

1957ರಲ್ಲಿ ಆಸ್ಟ್ರೇಲಿಯಾದ ಪ್ಯಾಟ್ರಿಕ್ ವೈಟ್ ‘ವಾಸ್’ ಎಂಬ ಕಾದಂಬರಿ ಪ್ರಕಟಿಸಿದ. ಅಲ್ಲಿನ ಮೈಲ್ಸ್ ಫ್ರಾಂಕ್ಲಿನ್ ಸಾಹಿತ್ಯ ಪ್ರಶಸ್ತಿ ಶುರುವಾಗಿದ್ದೇ ಆ ವರ್ಷ, ಮೊದಲ ಪ್ರಶಸ್ತಿ ಬಂದದ್ದು ಈ ಪುಸ್ತಕಕ್ಕೇ. 1973ರಲ್ಲಿ ವೈಟ್‌ಗೆ ನೊಬೆಲ್ ಕೂಡ ಬಂತು. ಕಾದಂಬರಿಯ ನಾಯಕ ಯೋಹಾನ್ ಉಲ್ರಿಕ್ ವಾಸ್ ಒಬ್ಬ ಜರ್ಮನ್ ಅನ್ವೇಷಕ. ಮರುಭೂಮಿ ದಾಟಲು ಹೋಗಿ ಅಲ್ಲೇ ಸಾಯುತ್ತಾನೆ. ಇಷ್ಟು ಕೇಳಿದರೆ ಲೈಕ್‌ಹಾರ್ಟನ ಕಥೆಯೇ ಅನಿಸುತ್ತದೆ, ಅಲ್ವಾ? ಆದರೆ ವೈಟ್ ಅದರೊಳಗೆ ಇನ್ನೊಂದು ಕಥೆ ಇಟ್ಟಿದ್ದಾನೆ. ಸಿಡ್ನಿಯಲ್ಲಿ ಲಾರಾ ಟ್ರೆವೆಲಿಯನ್ ಎಂಬ ಹುಡುಗಿ ಇದ್ದಾಳೆ. ಅವಳೂ ವಾಸ್ ಕೂಡ ಬೆರಳೆಣಿಕೆಯಷ್ಟು ಸಲ ಮಾತ್ರ ಭೇಟಿಯಾಗುತ್ತಾರೆ. ಅವರ ಪ್ರೀತಿ ಬೆಳೆಯುವುದೆಲ್ಲ ಅವನು ಹೊರಟುಹೋದ ಮೇಲೆ. ನೂರಾರು ಮೈಲಿ ದೂರದಲ್ಲಿ, ಮತ್ತೆ ಎಂದೂ ಸೇರದೆ.

ಈ ಪ್ರೀತಿ ಎಲ್ಲಿಂದ ಬಂತು? ಲೈಕ್‌ಹಾರ್ಟ್ ಮದುವೆಯಾದವನಲ್ಲ. ಲಾರಾ ಪೂರ್ತಿ ವೈಟ್‌ನ ಸೃಷ್ಟಿ. ಸತ್ತು ನೂರು ವರ್ಷವಾದ ಒಬ್ಬ ಅನ್ವೇಷಕನ ಹಿಂದೆ ವೈಟ್ ಯಾಕೆ ಬಿದ್ದ, ಬಿದ್ದವನು ಅವನ ಕಥೆಗೆ ಇಂಥ ಪ್ರೀತಿಯನ್ನು ಯಾಕೆ ಸೇರಿಸಿದ ಅನ್ನುವುದು ನನ್ನನ್ನು ತುಂಬಾ ಕಾಡಿದ ಪ್ರಶ್ನೆ. ಉತ್ತರ ಬೇಕಾದರೆ ಮೊದಲು ಲೈಕ್‌ಹಾರ್ಟ್ ಯಾರು ಅಂತ ಗೊತ್ತಿರಬೇಕು.

ಬದುಕಿದ್ದಾಗಲೇ ಶೋಕಗೀತೆ ಪಡೆದವನು

ಲೈಕ್‌ಹಾರ್ಟ್ ಹುಟ್ಟಿದ್ದು 1813ರಲ್ಲಿ, ಅಂದಿನ ಜರ್ಮನ್ ರಾಜ್ಯ ಪ್ರಶ್ಯಾದಲ್ಲಿ. ಬರ್ಲಿನ್ ಮತ್ತು ಗೋಟಿಂಗೆನ್‌ನಲ್ಲಿ ಓದಿದ, ಆದರೆ ಡಿಗ್ರಿ ತಗೊಳ್ಳಲಿಲ್ಲ. ಆದರೂ ಸಿಡ್ನಿಯ ಜನ ಅವನನ್ನು ಡಾಕ್ಟರ್ ಅಂತಲೇ ಕರೆದರು. ಗಿಡ, ಕಲ್ಲು, ಪ್ರಾಣಿ ಎಲ್ಲದರ ಬಗ್ಗೆಯೂ ತಿಳಿಯುವ ಹಸಿವು ಅವನಿಗೆ. 1842ರ ಫೆಬ್ರವರಿಯಲ್ಲಿ ಸಿಡ್ನಿಗೆ ಬಂದಿಳಿದ. ಎರಡೂವರೆ ವರ್ಷ ಕಳೆದ ಮೇಲೆ ಒಂದು ತಂಡ ಕಟ್ಟಿಕೊಂಡು, 1844ರ ಅಕ್ಟೋಬರ್ 1ರಂದು ಪೂರ್ವ ಆಸ್ಟ್ರೇಲಿಯಾದ ಡಾರ್ಲಿಂಗ್ ಡೌನ್ಸ್ ಸೀಮೆಯಿಂದ ಉತ್ತರಕ್ಕೆ ಹೊರಟ. ಖಂಡದ ಉತ್ತರ ತುದಿಯ ಪೋರ್ಟ್ ಎಸ್ಸಿಂಗ್ಟನ್ ತಲುಪಿದ್ದು 1845ರ ಡಿಸೆಂಬರ್ 17ಕ್ಕೆ. ಸುಮಾರು 4,800 ಕಿಲೋಮೀಟರ್ ದಾರಿ, ಹದಿನಾಲ್ಕು ತಿಂಗಳು ದಾಟಿದ ಪಯಣ.

ಆ ಪಯಣದ ದಿನಚರಿಯನ್ನು ಲೈಕ್‌ಹಾರ್ಟ್ 1847ರಲ್ಲಿ ಪುಸ್ತಕ ಮಾಡಿದ. ಎಲ್ಲಿ ನೀರು ಸಿಕ್ಕಿತು, ಯಾವ ಮರ ಹೂ ಬಿಟ್ಟಿತ್ತು, ಯಾವ ಕಾಯಿ ತಿಂದರೆ ಹೊಟ್ಟೆ ಕೆಡಲಿಲ್ಲ, ಎಲ್ಲವೂ ಅದರಲ್ಲಿದೆ. 1844ರ ಕ್ರಿಸ್‌ಮಸ್ ದಿನ ಅವರು ತಿಂದದ್ದು ದನದ ಕೊಬ್ಬು ಹಾಕಿ ಮಾಡಿದ ಪುಡ್ಡಿಂಗ್ ಮತ್ತು ಬೇಯಿಸಿದ ಕಾಕಟೂ ಗಿಳಿಗಳನ್ನು. ಇಂಥ ಸಣ್ಣ ಸಣ್ಣ ಸಂಗತಿಗಳಿಂದಲೇ ಆ ದಿನಚರಿ ಜೀವಂತವಾಗಿದೆ.

ಅದರಲ್ಲಿ ಒಂದು ಸಂಜೆ ಮಾತ್ರ ಮರೆಯುವ ಹಾಗೇ ಇಲ್ಲ. 1845ರ ಜೂನ್ 28. ಊಟ ಆಗಿತ್ತು. ಹಕ್ಕಿಗಳನ್ನು ಸಂಗ್ರಹಿಸುತ್ತಿದ್ದ ಜಾನ್ ಗಿಲ್ಬರ್ಟ್ ಮತ್ತು ಇನ್ನಿಬ್ಬರು ಬೆಂಕಿಯ ಹತ್ತಿರ ಕೂತು ಟೋಪಿ ಮಾಡಲು ತಾಳೆಗರಿ ಹೆಣೆಯುತ್ತಿದ್ದರು. ಲೈಕ್‌ಹಾರ್ಟ್ ಪಕ್ಕದಲ್ಲಿ ನಿಂತು ಸುಮ್ನೆ ನೋಡುತ್ತಿದ್ದ. ಆಮೇಲೆ ಎಲ್ಲರೂ ಮಲಗಲು ಹೋದರು. ಸ್ವಲ್ಪ ಹೊತ್ತಿಗೆಲ್ಲ ಕತ್ತಲೆಯಿಂದ ಈಟಿಗಳು ಬಂದವು. ಗಿಲ್ಬರ್ಟ್ ಸತ್ತ, ಮತ್ತಿಬ್ಬರಿಗೆ ಜೋರು ಗಾಯವಾಯಿತು. ಗಿಲ್ಬರ್ಟ್‌ನನ್ನು ಅಲ್ಲೇ ಮಣ್ಣು ಮಾಡಿ ತಂಡ ಮುಂದೆ ನಡೆಯಿತು.

ಇತ್ತ ಸಿಡ್ನಿಯಲ್ಲಿ ಎಲ್ಲರೂ ಲೈಕ್‌ಹಾರ್ಟ್ ಸತ್ತೇಹೋದ ಅಂದುಕೊಂಡಿದ್ದರು. ಗೆಳೆಯ ರಾಬರ್ಟ್ ಲಿಂಡ್ ಅವನ ಮೇಲೊಂದು ಶೋಕಗೀತೆ ಬರೆದ. ಸಂಗೀತಗಾರ ಐಸಾಕ್ ನೇಥನ್ ಅದಕ್ಕೆ ರಾಗ ಹಾಕಿದ. 1846ರ ಮಾರ್ಚ್‌ನಲ್ಲಿ ಲೈಕ್‌ಹಾರ್ಟ್ ಹಡಗಿನಿಂದ ಇಳಿದಾಗ ಊರಿಗೆ ಊರೇ ಹುಚ್ಚೆದ್ದು ಕುಣಿಯಿತು. ಅದೇ ನೇಥನ್ ಈಗ ಸ್ವಾಗತಗೀತೆಗೆ ರಾಗ ಹಾಕಬೇಕಾಯಿತು! ಸರ್ಕಾರ ಬಹುಮಾನ ಕೊಟ್ಟಿತು, ಜನರೂ ಹಣ ಕೂಡಿಸಿ ಕೊಟ್ಟರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಿಂದ ಪದಕವೂ ಬಂತು. 1848ರ ನಂತರ ಅವನು ಕಾಣೆಯಾದಾಗ ಹುಡುಕಲು ಯಾರೂ ತಕ್ಷಣ ಓಡದಿದ್ದಕ್ಕೆ ಈ ಹಿಂದಿನ ಅನುಭವವೂ ಒಂದು ಕಾರಣ ಇರಬೇಕು. ಒಮ್ಮೆ ಸಾವಿನ ಬಾಯಿಂದ ಬಂದವನು ಇನ್ನೊಮ್ಮೆಯೂ ಬಂದಾನು ಅಂತ ಜನ ಕಾದರು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಲೈಕ್‌ಹಾರ್ಟ್‌ಗೆ ಹೆಸರು ತಂದ ಪಯಣ ಮರುಭೂಮಿಯದ್ದಲ್ಲ. ಅದು ನದಿಯಿಂದ ನದಿಗೆ ಸಾಗಿದ ದಾರಿ, ನೀರಿದ್ದ ಸೀಮೆ. 1846ರ ಕೊನೆಗೆ ಹೊರಟ ಎರಡನೇ ಪಯಣ ಮಳೆ, ಜ್ವರ, ಹಸಿವಿನಿಂದ ಅರ್ಧಕ್ಕೇ ನಿಂತಿತು. ಆಗ ಜೊತೆಗಿದ್ದ ಸರ್ವೇಯರ್ ಜಾನ್ ಮ್ಯಾನ್ ಆ ಸಿಟ್ಟನ್ನು ಎಷ್ಟು ಕಾಲ ಇಟ್ಟುಕೊಂಡಿದ್ದ ಅಂದರೆ, ನಲವತ್ತು ವರ್ಷದ ನಂತರ, 1888ರಲ್ಲಿ, ನಾಯಕನನ್ನು ತೆಗಳಿ ಪುಸ್ತಕವನ್ನೇ ಬರೆದ. ಹಾಗಾಗಿ ಮೂರನೇ ಸಲ ಖಂಡದ ಒಣ ಹೊಟ್ಟೆಯ ಕಡೆ ತಿರುಗಿದಾಗ ಲೈಕ್‌ಹಾರ್ಟ್‌ಗೆ ಮರಳುಗಾಡಿನ ಅನುಭವ ಇರಲಿಲ್ಲ. ಅದನ್ನು ಕಲಿಯುವಷ್ಟು ಕಾಲ ಅವನು ಬದುಕಿದನೋ ಇಲ್ಲವೋ ಹೇಳುವ ಒಂದು ಸಾಲೂ ನಮಗೆ ಸಿಕ್ಕಿಲ್ಲ.

ಲಂಡನ್ನಿನ ಬಾಂಬು, ಈಜಿಪ್ಟಿನ ಮರಳು

‘ವಾಸ್’ ಹುಟ್ಟಿದ ಬಗೆಯನ್ನು ವೈಟ್ 1958ರ ಒಂದು ಪ್ರಬಂಧದಲ್ಲಿ ತಾನೇ ಹೇಳಿದ್ದಾನೆ. ಮೊದಲ ಬೀಜ ಲೈಕ್‌ಹಾರ್ಟ್‌ನದ್ದೇ ಅಲ್ಲ! ಎರಡನೇ ಮಹಾಯುದ್ಧದ ಆರಂಭ, ಲಂಡನ್ ಮೇಲೆ ಜರ್ಮನ್ ಬಾಂಬು ಬೀಳುತ್ತಿದ್ದ ದಿನಗಳು. ವೈಟ್ ಬಾಡಿಗೆ ಕೋಣೆಯಲ್ಲಿ ಕೂತು ಎಡ್ವರ್ಡ್ ಜಾನ್ ಏರ್‌ನ ದಿನಚರಿ ಓದುತ್ತಿದ್ದ. ಏರ್ ಇನ್ನೊಬ್ಬ ಅನ್ವೇಷಕ. ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ನೀರಿಲ್ಲದ ಬಯಲನ್ನು ದಾಟಿ 1841ರಲ್ಲಿ ಆಲ್ಬನಿ ತಲುಪಿದವನು. ದಾರಿಯಲ್ಲಿ ಅವನ ಜೊತೆಗಾರ ಜಾನ್ ಬಾಕ್ಸ್‌ಟರ್ ಕೊಲೆಯಾದ. ಕೊನೆಗೆ ಏರ್ ಜೊತೆ ಉಳಿದವನು ವೈಲಿ ಎಂಬ ಮೂಲನಿವಾಸಿ ಯುವಕ ಒಬ್ಬನೇ.

ಆಮೇಲೆ ವೈಟ್ ಬ್ರಿಟಿಷ್ ವಾಯುಪಡೆಯ ಗುಪ್ತಚರ ಅಧಿಕಾರಿಯಾಗಿ ಉತ್ತರ ಆಫ್ರಿಕಾಕ್ಕೆ ಹೋದ. ಈಜಿಪ್ಟ್ ಮತ್ತು ಲಿಬಿಯಾದ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ಅತ್ತಿಂದಿತ್ತ ಅಲೆದ. ಕಾದಂಬರಿಯ ಕಲ್ಪನೆ ಬೆಳೆದದ್ದು ಅಲ್ಲಿ ಅಂತ ಅವನೇ ಹೇಳುತ್ತಾನೆ. ಅಂದರೆ ‘ವಾಸ್’ ಓದುವಾಗ ನಮ್ಮ ಕಾಲಿಗೆ ಹತ್ತುವ ಮರಳಲ್ಲಿ ಬಹಳಷ್ಟು ಈಜಿಪ್ಟಿನದು. ಆ ಕಾಲದ ಮಹಾ ಅಹಂಕಾರಿಯೂ ತನ್ನ ಮೇಲೆ ಪ್ರಭಾವ ಬೀರಿದ ಅಂತ ವೈಟ್ ಬರೆಯುತ್ತಾನೆ. ಅದು ಹಿಟ್ಲರ್ ಬಗ್ಗೆ ಹೇಳಿದ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ.

ಲೈಕ್‌ಹಾರ್ಟ್ ಬಂದದ್ದು ಕೊನೆಗೆ. ಯುದ್ಧ ಮುಗಿದು ಆಸ್ಟ್ರೇಲಿಯಾಕ್ಕೆ ಮರಳಿದ ಮೇಲೆ ವೈಟ್ ಲೈಕ್‌ಹಾರ್ಟನ ಕಾಲದ ಬರಹಗಳನ್ನು ಓದಿದ. ಎ. ಎಚ್. ಚಿಸಮ್ 1941ರಲ್ಲಿ ತಂದ ಪುಸ್ತಕವನ್ನೂ ಓದಿದ. ಚಿಸಮ್‌ಗೆ ಇಂಗ್ಲೆಂಡಿನಲ್ಲಿ ಗಿಲ್ಬರ್ಟ್‌ನ ದಿನಚರಿ ಸಿಕ್ಕಿತ್ತು. ತಾಳೆಗರಿ ಹೆಣೆಯುತ್ತಿದ್ದ ಅದೇ ಗಿಲ್ಬರ್ಟ್. ಅದನ್ನು ಆಧರಿಸಿ ಚಿಸಮ್ ಲೈಕ್‌ಹಾರ್ಟನನ್ನು ಸ್ವಾರ್ಥಿ, ಅಸಮರ್ಥ ನಾಯಕ ಅಂತ ಚಿತ್ರಿಸಿದ. ಪುಸ್ತಕ ಬಂದದ್ದು ಜರ್ಮನಿಯ ಜೊತೆ ಯುದ್ಧ ನಡೆಯುತ್ತಿದ್ದಾಗ. ಒಬ್ಬ ಜರ್ಮನ್ ಅನ್ವೇಷಕನ ಮೇಲೆ ಕರುಣೆ ತೋರಿಸುವ ಕಾಲ ಅದಾಗಿರಲಿಲ್ಲ.

ಈ ಮೂರೂ ಸೇರಿದಾಗ ವಾಸ್ ಎದ್ದು ನಿಂತ. ಅವನಿಗೆ ನಕ್ಷೆ ಬೇಕಿಲ್ಲ, ಗಿಡಗಳ ಹೆಸರು ಅಷ್ಟಾಗಿ ಬೇಕಿಲ್ಲ. ತನ್ನ ಇಚ್ಛೆಯ ಬಲ ಒಂದರಿಂದಲೇ ನೆಲವನ್ನು ಗೆಲ್ಲಬೇಕು, ದೇವರ ಜಾಗದಲ್ಲಿ ತಾನು ಕೂರಬೇಕು ಅನ್ನುವ ಹಟ ಅವನದು. ನಿಜವಾದ ಲೈಕ್‌ಹಾರ್ಟ್ ಹೀಗಿದ್ದ ಅಂತ ನನಗೆ ಅನಿಸುವುದಿಲ್ಲ. ದಿನಚರಿ ಓದಿದರೆ ಎಲೆ, ಬೀಜ, ಕಲ್ಲು ನೋಡಿ ಖುಷಿಪಡುವ ಮನುಷ್ಯ ಕಾಣುತ್ತಾನೆ. ವೈಟ್‌ಗೆ ಬೇಕಿದ್ದದ್ದು ಲೈಕ್‌ಹಾರ್ಟ್ ಬಿಟ್ಟುಹೋದ ಖಾಲಿ ಜಾಗ. ಬರ್ಕ್ ಮತ್ತು ವಿಲ್ಸ್ ಕೂಡ 1861ರಲ್ಲಿ ಮರುಭೂಮಿಯಲ್ಲೇ ಸತ್ತರು. ಆದರೆ ಅವರ ದೇಹ ಸಿಕ್ಕಿತು, ದಿನಚರಿ ಸಿಕ್ಕಿತು, ಬದುಕುಳಿದ ಜಾನ್ ಕಿಂಗ್ ನಡೆದದ್ದನ್ನೆಲ್ಲ ಹೇಳಿದ. ಅಲ್ಲಿ ಕಾದಂಬರಿಕಾರನಿಗೆ ಉಳಿದ ಜಾಗ ಕಡಿಮೆ. ಲೈಕ್‌ಹಾರ್ಟನ ಕೊನೆಯ ಪಯಣದಲ್ಲಿ ಏನಾಯಿತು ಅಂತ ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಸೇರದವರ ಪ್ರೀತಿ ನಡೆಯುವುದು ಹೇಗೆ

ಈಗ ಲಾರಾಳ ಕಡೆಗೆ. ವಾಸ್‌ನ ಪಯಣಕ್ಕೆ ಹಣ ಹಾಕುವ ವ್ಯಾಪಾರಿ ಬಾನರ್‌ನ ಮನೆಯಲ್ಲಿ ಬೆಳೆದ ನಂಟರ ಹುಡುಗಿ ಅವಳು, ತಂದೆತಾಯಿ ಇಲ್ಲದವಳು. ಪುಸ್ತಕ ಹೆಚ್ಚು ಓದಿದವಳು, ಜನರೊಡನೆ ಬೆರೆಯದವಳು, ದೇವರ ಮೇಲಿನ ನಂಬಿಕೆ ಹೋಯಿತು ಅಂದುಕೊಂಡವಳು. ಒಂದು ಭಾನುವಾರ ಮನೆಯವರೆಲ್ಲ ಚರ್ಚಿಗೆ ಹೋಗಿದ್ದಾಗ ವಾಸ್ ಮನೆಗೆ ಬರುತ್ತಾನೆ. ಇಬ್ಬರೂ ಮುಂದಿನ ಕೋಣೆಯಲ್ಲಿ ಮುಜುಗರದಿಂದ ಕೂತು ಮಾತಾಡುತ್ತಾರೆ. ಆಮೇಲೆ ಒಂದು ಪಿಕ್ನಿಕ್, ಒಂದು ರಾತ್ರಿ ತೋಟದಲ್ಲಿ ಸಿಕ್ಕಿ ವಾದ, ಹಡಗುಕಟ್ಟೆಯಲ್ಲಿ ಬೀಳ್ಕೊಡುಗೆ. ತೋಟದಲ್ಲಿ ಲಾರಾ ಅವನ ಅಹಂಕಾರವನ್ನು ಮುಖಕ್ಕೇ ಹೇಳುತ್ತಾಳೆ. ಇಷ್ಟೇ ಅವರ ಒಡನಾಟ.

ದಾರಿಯಲ್ಲಿ ತಂಗಿದ ಒಂದು ತೋಟದ ಮನೆಯಿಂದ ವಾಸ್ ಪತ್ರ ಬರೆದು ಮದುವೆಯಾಗುತ್ತೀಯಾ ಅಂತ ಕೇಳುತ್ತಾನೆ. ಲಾರಾ ಒಪ್ಪುತ್ತಾಳೆ, ಆದರೆ ಅವನು ತಗ್ಗಬೇಕು, ಇಬ್ಬರೂ ಜೊತೆಗೆ ಪ್ರಾರ್ಥಿಸಬೇಕು ಅನ್ನುವ ಮನಸ್ಸು ಅವಳದು. ಮುಂದೆ ನಡೆಯುವ ಒಂದು ಪ್ರಸಂಗವೇ ನನ್ನ ಪ್ರಕಾರ ಕಾದಂಬರಿಯ ತಿರುವು. ತಂಡ ಒಣ ಸೀಮೆಗೆ ಕಾಲಿಟ್ಟ ಮೇಲೆ ವಾಸ್ ಇನ್ನೊಂದು ಪತ್ರ ಬರೆದು ಡೂಗಲ್ಡ್ ಎಂಬ ಮುದುಕನ ಕೈಗೆ ಕೊಡುತ್ತಾನೆ. ಡೂಗಲ್ಡ್ ಮೂಲನಿವಾಸಿ, ಹಿಂದೆ ಬಿಟ್ಟುಬಂದ ಬಿಳಿಯರ ವಸತಿಗೆ ವಾಪಸ್ ಹೊರಟವನು. ದಾರಿಯಲ್ಲಿ ಅವನ ಬಳಗದವರು ಸಿಗುತ್ತಾರೆ. ಬಿಳಿಯರ ಕಾಗದ ಅವನಿಗೆ ಯಾಕೆ? ಹರಿದು ಚೂರು ಮಾಡಿ ಗಾಳಿಗೆ ಬಿಡುತ್ತಾನೆ.

ಅಲ್ಲಿಗೆ ಅಂಚೆ ಮುಗಿಯಿತು. ಸಾಮಾನ್ಯ ಕಾದಂಬರಿಯಲ್ಲಾದರೆ ಪ್ರೀತಿಯೂ ಅಲ್ಲಿಗೆ ನಿಲ್ಲುತ್ತಿತ್ತು, ಅಥವಾ ಹಳೆಯ ನೆನಪಾಗಿ ಉಳಿಯುತ್ತಿತ್ತು. ವೈಟ್ ಮಾತ್ರ ಅಲ್ಲಿಂದಲೇ ಅದನ್ನು ನಿಜಕ್ಕೂ ಶುರು ಮಾಡುತ್ತಾನೆ. ಮರುಭೂಮಿಯಲ್ಲಿ ವಾಸ್ ಕುದುರೆ ಮೇಲೆ ಹೋಗುತ್ತಿದ್ದರೆ ಪಕ್ಕದಲ್ಲಿ ಲಾರಾ ಇರುತ್ತಾಳೆ. ಸಿಡ್ನಿಯಲ್ಲಿ ಲಾರಾ ಮನೆಕೆಲಸದ ರೋಸ್‌ಳ ಮಗುವನ್ನು ತನ್ನದೆಂದು ಸಾಕಿಕೊಳ್ಳುತ್ತಾಳೆ, ಆ ಮಗು ತಮ್ಮಿಬ್ಬರದೂ ಅನ್ನುವ ಹಾಗೆ. ಅವನ ದೇಹ ಕುಗ್ಗುತ್ತಾ ಬಂದಾಗ ಇವಳಿಗೆ ಮಿದುಳಿನ ಜ್ವರ ಏರುತ್ತದೆ. ಅವನು ಸತ್ತಾಗ ಇವಳ ಜ್ವರ ಬಿಡುತ್ತದೆ.

ಇದು ಓದುಗನಿಗೆ ದೆವ್ವದ ಕಥೆಯಂತೆ ಅನಿಸದಿರಲು ಕಾರಣ ವೈಟ್‌ನ ಕೈಚಳಕ. ಒಂದು ಪ್ಯಾರಾ ಮರುಭೂಮಿಯಲ್ಲಿ ಮುಗಿದರೆ ಮುಂದಿನದು ಯಾವ ಮುನ್ಸೂಚನೆ ಇಲ್ಲದೆ ಸಿಡ್ನಿಯ ಮಲಗುವ ಕೋಣೆಯಲ್ಲಿ ತೆರೆಯುತ್ತದೆ. ಇಲ್ಲಿನ ಮಾತಿಗೆ ಅಲ್ಲಿ ಉತ್ತರ ಬರುತ್ತದೆ. ‘ಅವಳ ಆತ್ಮ ಅಲ್ಲಿಗೆ ಬಂತು’ ಅಂತ ಲೇಖಕ ಒಮ್ಮೆಯೂ ನಿಂತು ವಿವರಿಸುವುದಿಲ್ಲ. ಕನಸೋ, ಭ್ರಮೆಯೋ, ಬಾಯಾರಿಕೆಯಿಂದ ಕೆಟ್ಟ ತಲೆಯ ಆಟವೋ, ನಿಜವೋ? ಓದುವವರು ಏನು ಅಂದುಕೊಂಡರೂ ಕಥೆ ನಡೆಯುತ್ತದೆ. ಜೊತೆಗೆ ಈ ಪ್ರೀತಿಗೆ ಮಾಡಲು ಒಂದು ಕೆಲಸವಿದೆ. ದೇವರಾಗಲು ಹೊರಟ ವಾಸ್‌ನನ್ನು ಅದು ಒಂದೊಂದೇ ಮೆಟ್ಟಿಲು ಕೆಳಗಿಳಿಸಿ ಮನುಷ್ಯನನ್ನಾಗಿ ಮಾಡುತ್ತದೆ. ಕೊನೆಗೆ ಅವನು ಭಯಪಡಲು ಕಲಿಯುತ್ತಾನೆ. ಪ್ರೀತಿ ಇಲ್ಲದಿದ್ದರೆ ಇದು ಹಟಮಾರಿಯೊಬ್ಬ ಬಾಯಾರಿ ಸತ್ತ ಕಥೆಯಾಗಿ ಉಳಿಯುತ್ತಿತ್ತು.

ದೂರದಲ್ಲಿದ್ದೇ ಬೆಳೆಯುವ ಪ್ರೀತಿ ವೈಟ್‌ಗೆ ಹೇಗೆ ಗೊತ್ತಿತ್ತು? 1941ರಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಅವನಿಗೆ ಮನೋಲಿ ಲಾಸ್ಕರಿಸ್ ಎಂಬ ಗ್ರೀಕ್ ಯುವಕ ಸಿಕ್ಕಿದ. ಯುದ್ಧ ಇಬ್ಬರನ್ನೂ ಬೇರೆ ಬೇರೆ ಕಡೆ ಎಸೆಯಿತು. ವೈಟ್ ವಾಯುಪಡೆಯಲ್ಲಿ, ಲಾಸ್ಕರಿಸ್ ಗ್ರೀಕ್ ಸೇನೆಯಲ್ಲಿ. ವರ್ಷಗಟ್ಟಲೆ ಅವರ ನಂಟು ಪತ್ರದ ಮೇಲೆ, ಅಪರೂಪದ ರಜೆಯ ಮೇಲೆ ನಡೆಯಿತು. ಬೇರೆಯವರ ಕಾಗದಗಳನ್ನು ಸೆನ್ಸಾರ್ ಮಾಡುವುದೂ ವೈಟ್‌ನ ಕೆಲಸದಲ್ಲಿ ಸೇರಿತ್ತು. ಪ್ರೀತಿಯ ಸಾಲುಗಳ ಮೇಲೆ ಪರರ ಕಣ್ಣು ಬೀಳುವುದು ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಯುದ್ಧದ ನಂತರ ಇಬ್ಬರೂ ಸಿಡ್ನಿಯ ಹೊರವಲಯದ ಕಾಸಲ್ ಹಿಲ್‌ನಲ್ಲಿ ಮನೆ ಮಾಡಿದರು. 1990ರಲ್ಲಿ ವೈಟ್ ತೀರಿಕೊಳ್ಳುವವರೆಗೂ ಜೊತೆಗಿದ್ದರು. ‘ವಾಸ್’ ಬರೆದದ್ದು ಕಾಸಲ್ ಹಿಲ್ ಮನೆಯಲ್ಲಿದ್ದ ವರ್ಷಗಳಲ್ಲೇ.

ಲಾರಾ ಅಂದರೆ ಲಾಸ್ಕರಿಸ್ ಅಂತ ನಾನು ಹೇಳುತ್ತಿಲ್ಲ. ಕಾದಂಬರಿ ಹಾಗೆ ಲೆಕ್ಕ ಒಪ್ಪಿಸುವುದಿಲ್ಲ. ಆದರೆ ಒಂದೇ ಮರುಭೂಮಿಯಲ್ಲಿ ಒಬ್ಬ ಮನುಷ್ಯ ಎರಡು ಹೊರೆ ಹೊತ್ತು ತಿರುಗಿದ. ತಲೆಯಲ್ಲಿ ಸಾಯಲು ಹೊರಟ ಅನ್ವೇಷಕ, ಎದೆಯಲ್ಲಿ ದೂರದಲ್ಲಿದ್ದ ಪ್ರೀತಿ. ಅವೆರಡೂ ಒಂದರೊಳಗೊಂದು ಸೇರಿಹೋದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ವೈಟ್ ಪ್ರೀತಿಯನ್ನು ಉಳಿಸಿಕೊಂಡ. ಕಳೆದುಕೊಂಡಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ಲಾರಾಳ ಕೈಯಲ್ಲಿ ಬದುಕಿಸಿ ನೋಡಿದ ಅನಿಸುತ್ತದೆ.

ಜ್ಯಾಕಿ, ಜಡ್ ಮತ್ತು ಒಂದು ಹಿತ್ತಾಳೆ ಪಟ್ಟಿ

ಈ ಕಥೆಯಲ್ಲಿ ಜಾಸ್ತಿ ಜನ ಮರೆಯುವ ಎರಡು ಹೆಸರುಗಳಿವೆ: ವೊಮ್ಮಾಯ್ ಮತ್ತು ಬಿಲ್ಲಿ ಬಾಂಬಾಟ್. ಲೈಕ್‌ಹಾರ್ಟನ ಕೊನೆಯ ತಂಡದಲ್ಲಿದ್ದ ಮೂಲನಿವಾಸಿಗಳು ಇವರು. ಮೊದಲ ಪಯಣದಲ್ಲಿ ಹ್ಯಾರಿ ಬ್ರೌನ್ ಎಂಬ ಇನ್ನೊಬ್ಬ ಮೂಲನಿವಾಸಿ ಜೊತೆಗಿದ್ದ. ಗಿಲ್ಬರ್ಟ್ ಸತ್ತ ಸಂಜೆ ತಾಳೆಗರಿ ಹೆಣೆಯುತ್ತಿದ್ದವರಲ್ಲಿ ಅವನೂ ಒಬ್ಬ. ಅನ್ವೇಷಕರು ‘ಖಾಲಿ’ ಅಂದ ನೆಲದಲ್ಲಿ ಸಾವಿರಾರು ವರ್ಷಗಳಿಂದ ಜನ ಬದುಕಿದ್ದರು. ಆ ಜನರ ಒಳಗನ್ನು ತೋರಿಸುವುದರಲ್ಲಿ ವೈಟ್ ಕೂಡ ಪೂರ್ತಿ ಗೆದ್ದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಡೂಗಲ್ಡ್ ಕಾಗದ ಹರಿಯುವ ಪ್ರಸಂಗದಂಥವು ಇನ್ನಷ್ಟು ಬೇಕಿತ್ತು.

ಕಾದಂಬರಿಯಲ್ಲಿ ವಾಸ್‌ನ ತಲೆ ಕಡಿಯುವವನು ಜ್ಯಾಕಿ ಎಂಬ ಮೂಲನಿವಾಸಿ ಹುಡುಗ. ಇತಿಹಾಸದಲ್ಲಿ ಬೇರೊಬ್ಬ ಜ್ಯಾಕಿ ಇದ್ದಾನೆ. 1900ರ ಸುಮಾರಿಗೆ ಪಶ್ಚಿಮ ಆಸ್ಟ್ರೇಲಿಯಾದ ಸ್ಟರ್ಟ್ ಕ್ರೀಕ್ ಹತ್ತಿರ, ತನಾಮಿ ಮತ್ತು ಗ್ರೇಟ್ ಸ್ಯಾಂಡಿ ಮರುಭೂಮಿಗಳ ನಡುವೆ, ದನ ಕಾಯುವ ಒಬ್ಬ ಮೂಲನಿವಾಸಿಗೆ ಬೋಬ್ ಮರದಲ್ಲಿ ಅರ್ಧ ಸುಟ್ಟ ಬಂದೂಕು ಸಿಕ್ಕಿತು. ಅವನನ್ನು ಜನ ಕರೆಯುತ್ತಿದ್ದದ್ದು ಜ್ಯಾಕಿ ಅಂತಲೇ. ಬಂದೂಕಿಗೆ ಒಂದು ಹಿತ್ತಾಳೆ ಪಟ್ಟಿ ಅಂಟಿಕೊಂಡಿತ್ತು. ಸುಮಾರು 15 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲ. ಮೇಲೆ ಲೈಕ್‌ಹಾರ್ಟನ ಹೆಸರು ಮತ್ತು 1848 ಅಂತ ಕೊರೆದಿತ್ತು. ಪರೀಕ್ಷೆ ಮಾಡಿ ಅದು ಅಸಲಿ ಅಂತ ಖಚಿತಪಡಿಸಿಕೊಂಡ ಆಸ್ಟ್ರೇಲಿಯಾದ ರಾಷ್ಟ್ರೀಯ ಮ್ಯೂಸಿಯಂ 2006ರಲ್ಲಿ ಅದನ್ನು ಕೊಂಡಿತು. ಲೈಕ್‌ಹಾರ್ಟ್‌ನೇ ಅಲ್ಲಿಯವರೆಗೆ ಬಂದಿದ್ದರೆ ಖಂಡದ ಮೂರರಲ್ಲಿ ಎರಡು ಭಾಗವನ್ನು ದಾಟಿದ್ದ ಎಂದಾಯಿತು. ಬಂದೂಕು ಕೈಯಿಂದ ಕೈಗೆ ದಾಟಿ ಬಂದಿರುವ ಸಾಧ್ಯತೆಯೂ ಇದೆ.

ಹುಡುಕಾಟದ ಕಥೆಯೂ ಕಾದಂಬರಿಗೆ ಬಂದು ಸೇರಿದೆ. 1852ರಲ್ಲಿ ಹೋವೆಂಡನ್ ಹೀಲಿ ಹುಡುಕಲು ಹೋದ. 1858ರಲ್ಲಿ ಅಗಸ್ಟಸ್ ಗ್ರೆಗರಿಗೆ ಬಾರ್ಕೂ ನದಿಯ ಬಳಿ ‘ಎಲ್’ ಅಕ್ಷರ ಕೊರೆದ ಮರ ಸಿಕ್ಕಿತು. ಆಂಡ್ರ್ಯೂ ಹ್ಯೂಮ್ ಎಂಬ ಮಾಜಿ ಕೈದಿ ಬಂದು, ಲೈಕ್‌ಹಾರ್ಟನ ತಂಡದಲ್ಲಿದ್ದ ಕ್ಲಾಸೆನ್ ಮೂಲನಿವಾಸಿಗಳ ನಡುವೆ ಬದುಕಿದ್ದಾನೆ, ನಾನೇ ನೋಡಿದೆ ಅಂದ. ಅದನ್ನು ಸಾಬೀತು ಮಾಡಲು 1874ರಲ್ಲಿ ಹೋದವನು ಬಾಯಾರಿಕೆಯಿಂದ ಸತ್ತ. ವೈಟ್‌ನ ಜಡ್‌ನಲ್ಲಿ ಇಂಥ ಕಥೆಗಳ ನೆರಳು ನನಗೆ ಕಾಣುತ್ತದೆ. ವಾಸ್‌ನ ತಂಡದಲ್ಲಿದ್ದ ಜಡ್ ಕೂಡ ಮಾಜಿ ಕೈದಿ. ಇಪ್ಪತ್ತು ವರ್ಷ ಮೂಲನಿವಾಸಿಗಳ ಜೊತೆ ಬದುಕಿ, ವಾಸ್‌ನ ಪ್ರತಿಮೆ ಅನಾವರಣದ ಹೊತ್ತಿಗೆ ಸಿಡ್ನಿಗೆ ಬರುತ್ತಾನೆ. ವಾಸ್‌ನ ಕಣ್ಣು ಮುಚ್ಚಿದ್ದು ನಾನೇ ಅನ್ನುತ್ತಾನೆ. ಆದರೆ ಅವನ ನೆನಪಿನಲ್ಲಿ ವಾಸ್ ಮತ್ತು ಈಟಿ ತಗುಲಿ ಸತ್ತ ಪಾಲ್ಫ್ರೀಮನ್ ಕಲೆಸಿಹೋಗಿದ್ದಾರೆ. ಪಾಲ್ಫ್ರೀಮನ್ ಅದೇ ತಂಡದಲ್ಲಿ ಹಕ್ಕಿಗಳನ್ನು ಅಭ್ಯಾಸ ಮಾಡುವವನು. ಅವನ ಹಿಂದೆ ಗಿಲ್ಬರ್ಟ್ ಇದ್ದಾನೆ ಅನ್ನುವುದು ಇಲ್ಲಿಯವರೆಗೆ ಓದಿದವರಿಗೆ ತಾನಾಗೇ ಹೊಳೆಯುತ್ತದೆ.

‘ವಾಸ್’ ಕೈಗೆತ್ತಿಕೊಳ್ಳುವವರಿಗೆ ಒಂದು ಮಾತು. ಮೊದಲ ಅಧ್ಯಾಯಗಳಲ್ಲಿ ಸಿಡ್ನಿಯ ಊಟ, ಉಡುಗೆ, ಹರಟೆ ತುಂಬಾ ಇದೆ. ಮರಳುಗಾಡು ಯಾವಾಗ ಬರುತ್ತದೋ ಅಂತ ಹಾಳೆ ಹಾರಿಸಬೇಡಿ. ಆ ಭಾನುವಾರ ಮುಂದಿನ ಕೋಣೆಯಲ್ಲಿ ಆಡಿದ ಮಾತುಗಳನ್ನು, ಆಮೇಲೆ ತೋಟದ ಜಗಳವನ್ನು ನಿಧಾನಕ್ಕೆ ಓದಿ. ಮುಂದೆ ಮರುಭೂಮಿಯಲ್ಲಿ ಲಾರಾ ಬಂದಾಗ ಹೊಸದಾಗಿ ಏನನ್ನೂ ಹೇಳುವುದಿಲ್ಲ. ತೋಟದಲ್ಲಿ ಶುರುವಾದ ಅದೇ ಜಗಳವನ್ನು ಮುಂದುವರಿಸುತ್ತಾಳೆ.